ಜೀನ್ ಟೆಸ್ಟ್ ರಿಪೋರ್ಟಿಗೆ ಕಾಯುವವರ ಮನಸ್ಸನ್ನೂ ಅಳೆಯಿರಿ: ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರ್ ಅಂದ ಕೂಡಲೇ ಆಸ್ಪತ್ರೆ, ಯಂತ್ರ, ಹಾಸಿಗೆಗಳ ಮಾತೇ ಜಾಸ್ತಿ. ಅದೆಲ್ಲ ಬೇಕು, ನಿಜ. ನಾನು ಕೇಳುತ್ತಿರುವುದಕ್ಕೆ ಅಷ್ಟು ಖರ್ಚಿಲ್ಲ. ಜೀನ್ ಪರೀಕ್ಷೆಗೆ ರಕ್ತ ಕೊಟ್ಟು ರಿಪೋರ್ಟಿಗೆ ಕಾಯುತ್ತಿರುವ ಕ್ಯಾನ್ಸರ್ ರೋಗಿಗಳ ಮನಸ್ಸು ಹೇಗಿದೆ ಅಂತ ಕೇಳಿ, ಅಳೆದು, ಬರೆದಿಡುವ ವ್ಯವಸ್ಥೆ ಮಾಡಿ.

ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ತೋಟದ ಮನೆ. ಚಿಕ್ಕಮ್ಮನಿಗೂ ಇದೇ ಕಾಯಿಲೆ ಇತ್ತು ಅಂತ ಡಾಕ್ಟರು ಬಿಆರ್‌ಸಿಎ ಪರೀಕ್ಷೆ ಬರೆದುಕೊಟ್ಟರು. ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್ ದೋಷ ವಂಶದಿಂದ ಬಂದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ ಅದು. 'ಮೂರ್ನಾಲ್ಕು ವಾರ ಆಗುತ್ತೆ, ಫೋನ್ ಮಾಡ್ತೀವಿ' ಅಂದರು. ಅಷ್ಟೇ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ಧರೆ ಮೇಲೆ ಮಾತ್ರ. ಕೀಮೋ ಸುಸ್ತಿನಲ್ಲೂ ಅಕ್ಕ ಕೊಡೆ ಹಿಡಿದು ದಿನಾ ಅಲ್ಲಿಗೆ ಹತ್ತುತ್ತಿದ್ದಳು. ಮಿಸ್ಡ್ ಕಾಲ್ ಇದೆಯಾ ಅಂತ ನೋಡಿ, ಜಾರುವ ಮಣ್ಣಿನಲ್ಲಿ ಹುಷಾರಾಗಿ ಇಳಿಯುತ್ತಿದ್ದಳು.

ಅವಳನ್ನು ತುಂಬಾ ಕಾಡಿದ್ದು ಮಗಳ ಯೋಚನೆ. ಆಗ ಮಗಳಿಗೆ ಗಂಡು ನೋಡುತ್ತಿದ್ದರು. 'ನಾನು ಇದನ್ನ ಅವಳಿಗೂ ಕೊಟ್ಟುಬಿಟ್ಟಿದ್ದೀನಾ?' ಅಂತ ಒಂದು ರಾತ್ರಿ ಕೇಳಿದಳು. ಪರೀಕ್ಷೆಯ ವಿಷಯ ಹೊರಗೆ ಗೊತ್ತಾದರೆ ಸಂಬಂಧ ಮುರಿದೀತು ಅನ್ನುವ ಭಯಕ್ಕೆ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಅಪ್ಪ ಅಥವಾ ಅಮ್ಮನಿಗೆ ಬಿಆರ್‌ಸಿಎ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಗಂಡು ಮಕ್ಕಳಿಗೂ ಅಷ್ಟೇ. ಹಾಗಂತ ದೋಷ ಬಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ರಿಪೋರ್ಟು 'ಇದೆ', 'ಇಲ್ಲ' ಅಂತಲೇ ಬರಬೇಕೆಂದೂ ಇಲ್ಲ. 'ಬದಲಾವಣೆ ಕಂಡಿದೆ, ಅರ್ಥ ಈಗಲೇ ಹೇಳಲಾಗದು' ಅಂತಲೂ ಬರಬಹುದು. ರಕ್ತ ತೆಗೆಯುವ ಮೊದಲು ಇಷ್ಟನ್ನು ಕೂತು ಹೇಳುವವರು ಒಬ್ಬರೂ ಸಿಗಲಿಲ್ಲ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ರಕ್ತದ ರಿಪೋರ್ಟಿಗೆ ಕಾಯುವುದು ಮಲೆನಾಡಿನವರಿಗೆ ಗೊತ್ತು. ಆದರೆ ಆ ರಿಪೋರ್ಟು ಒಬ್ಬರದ್ದು. ಇದು ಮಕ್ಕಳು, ತಂಗಿಯರು, ಅಣ್ಣತಮ್ಮಂದಿರು ಎಲ್ಲರದ್ದೂ.

ಅಳೆಯುವುದು ಹೇಗೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಸೊನ್ನೆಯಿಂದ 10ರವರೆಗಿನ ಥರ್ಮಾಮೀಟರ್ ಚಿತ್ರ ತೋರಿಸಿ 'ಈ ವಾರ ನಿಮ್ಮ ಸಂಕಟ ಎಷ್ಟು?' ಅಂತ ಕೇಳುವ ಪದ್ಧತಿ ಕ್ಯಾನ್ಸರ್ ವಿಭಾಗಗಳಲ್ಲಿ ಇದೆ. 4 ಅಥವಾ ಹೆಚ್ಚು ಬಂದರೆ ಕೂತು ಮಾತಾಡಿಸಬೇಕು. 1983ರಿಂದ ಬಳಕೆಯಲ್ಲಿರುವ ಹ್ಯಾಡ್ಸ್ ಅನ್ನುವ 14 ಪ್ರಶ್ನೆಗಳ ಪಟ್ಟಿಯೂ ಇದೆ. 7 ಆತಂಕಕ್ಕೆ, 7 ಖಿನ್ನತೆಗೆ. ನಿದ್ದೆ, ಹಸಿವಿನ ಪ್ರಶ್ನೆಗಳು ಅದರಲ್ಲಿಲ್ಲ. ಅದು ಒಳ್ಳೆಯದೇ ಆಯಿತು. ಕೀಮೋ ತೆಗೆದುಕೊಳ್ಳುವವರಿಗೆ ಊಟ ಸೇರದಿರುವುದು ಔಷಧಿಯಿಂದಲೂ ಇರಬಹುದಲ್ವಾ? ಜೀನ್ ಪರೀಕ್ಷೆಗೆಂದೇ 2002ರಲ್ಲಿ ಬಂದ ಮೈಕ್ರಾ ಅನ್ನುವ 25 ಪ್ರಶ್ನೆಗಳ ಪಟ್ಟಿ ಕೇಳುವುದು ರಿಪೋರ್ಟು ಬಂದ ಮೇಲಿನ ಮನಸ್ಸನ್ನು. ಕಾಯುವ ವಾರಗಳು ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಮೂರು ಸಲ ಕೇಳಿ: ರಕ್ತ ತೆಗೆದ ದಿನ, ನಡುವೆ ಒಮ್ಮೆ, ರಿಪೋರ್ಟು ಕೊಟ್ಟ ಮೇಲೆ. ಒಂದೇ ಸಲ ಕೇಳಿದರೆ ಆ ಭಯ ಕಾಯಿಲೆಯದ್ದೋ, ಕಾಯುವುದರದ್ದೋ ತಿಳಿಯುವುದಿಲ್ಲ.

ಇದನ್ನು ಆಶಾ ಕಾರ್ಯಕರ್ತೆಯರ ಮೇಲೆ ಹಾಕಬೇಡಿ. ಅವರಿಗೆ ಈಗಲೇ ಹೊರೆ ಜಾಸ್ತಿ. ಅಲ್ಲದೆ ಅವರು ಅದೇ ಊರಿನವರು, ಮದುವೆ ವಯಸ್ಸಿನ ಮಗಳಿರುವ ತಾಯಿ ಅವರ ಮುಂದೆ ಬಾಯಿ ಬಿಡುವುದು ಕಷ್ಟ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರೇ ಶಿವಮೊಗ್ಗದಿಂದ ಫೋನ್ ಮಾಡಲಿ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದಲೇ ಈ ಕಾರ್ಯಕ್ರಮ ದೇಶಕ್ಕೆ ಹೋಗಿದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಅಲ್ಲಿ ರೋಗಿಯೇ ಫೋನ್ ಮಾಡಬೇಕು. ಅಕ್ಕನಂಥವರು ಮಾಡುವುದಿಲ್ಲ. ಇಂಥ ದಿನ, ಇಷ್ಟು ಗಂಟೆಗೆ ಫೋನ್ ಬರುತ್ತೆ ಅಂತ ಮೊದಲೇ ಹೇಳಿದರೆ ಅರ್ಧ ಸಂಕಟ ಅಲ್ಲೇ ಕಡಿಮೆಯಾಗುತ್ತದೆ.

ಅಕ್ಕನ ರಿಪೋರ್ಟು ಬಂದಿದೆ. ಏನು ಬಂತು ಅನ್ನುವುದು ಅವಳ ಮನೆಯ ವಿಷಯ, ಇಲ್ಲಿ ಬರೆಯುವುದಿಲ್ಲ.

ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯಾಧಿಕಾರಿಗಳನ್ನು ಎರಡು ಪ್ರಶ್ನೆ ಕೇಳಿ. ಈ ಜಿಲ್ಲೆಯಲ್ಲಿ ಈಗ ಎಷ್ಟು ಕ್ಯಾನ್ಸರ್ ರೋಗಿಗಳು ಜೀನ್ ರಿಪೋರ್ಟಿಗೆ ಕಾಯುತ್ತಿದ್ದಾರೆ? ಅವರಲ್ಲಿ ಎಷ್ಟು ಜನರನ್ನು ಒಮ್ಮೆಯಾದರೂ ಮಾತಾಡಿಸಿದ್ದೀರಿ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಮುಂದಿನ ಸಭೆಯಲ್ಲೂ ಕೇಳಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಂಗಿ