ಮೈಕಿನ ಮುಂದೆ ಕೂರಲು ಹಿಂಜರಿಯುವ ಮಗನಿಗೆ

ನಾಪೋಕ್ಲು, ಕೊಡಗು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇನ್ನು ಬ್ಯಾಸ್ಕೆಟ್‌ಬಾಲ್ ಆಡಲು ನಿನ್ನ ಮೊಣಕಾಲು ಒಪ್ಪದೆಂದು ವೈದ್ಯರು ಹೇಳಿದ್ದು, ಪಂದ್ಯಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ನೀಡಲು ನಿನಗೆ ಕರೆ ಬಂದದ್ದು, ಎರಡೂ ನಿನ್ನ ಅಪ್ಪನಿಂದ ತಿಳಿಯಿತು. ಕೋಚ್ ಆಗಬೇಕೆಂದಿರುವವನು ಮೈಕ್ ಹಿಡಿದು ಕಾಲ ಕಳೆಯುವುದೇಕೆ ಎಂದು ಹಿಂಜರಿಯುತ್ತಿದ್ದೀಯಂತೆ. ಒಪ್ಪಿಕೊ ಮಗ. ಕೋಚ್ ಆಗಲೆಂದೇ ಒಪ್ಪಿಕೊ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀವ್ ಕೆರ್ ನಡೆದು ಬಂದ ದಾರಿಯನ್ನು ನೋಡು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1988ರ ಡ್ರಾಫ್ಟಿನಲ್ಲಿ 50ನೆಯವರಾಗಿ ಆಯ್ಕೆಯಾದ ಅವರು ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಹದಿನೈದು ಋತು ಆಡಿದರೂ ಬಹುಪಾಲು ಪಂದ್ಯಗಳಲ್ಲಿ ಅಂಕಣಕ್ಕಿಳಿದದ್ದು ಬೆಂಚಿನಿಂದ ಎದ್ದು. ಆದರೂ ಮೂರು ಅಂಕದ ಎಸೆತಗಳಲ್ಲಿ ಶೇ. 45.4ರಷ್ಟನ್ನು ಬುಟ್ಟಿಗೆ ಹಾಕಿದ ಅವರ ದಾಖಲೆ ಇಂದಿಗೂ ಅಳಿದಿಲ್ಲ. ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಮೊದಲಾದ 1997ರಲ್ಲೇ, ಕೆರ್ ಆಗ ಆಡುತ್ತಿದ್ದ ಷಿಕಾಗೊ ಬುಲ್ಸ್‌ಗೂ ಯೂಟಾ ಜಾಝ್‌ಗೂ ನಡೆದ, ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಪ್ರಶಸ್ತಿ ಸಿಗುವ ಫೈನಲ್‌ನ ಆರನೇ ಪಂದ್ಯ 86-86ರಲ್ಲಿ ನಿಂತಿದ್ದಾಗ, ಕೆರ್ ಅವರನ್ನು ಕಾಯುತ್ತಿದ್ದ ಆಟಗಾರ ಅವರನ್ನು ಬಿಟ್ಟು ಅವರದೇ ತಂಡದ ಮೈಕಲ್ ಜೋರ್ಡನ್ ಕಡೆ ಸರಿದ. ಜೋರ್ಡನ್ ದಾಟಿಸಿದ ಚೆಂಡನ್ನು ಕೆರ್ ಐದು ಸೆಕೆಂಡು ಉಳಿದಿರುವಾಗ ಬುಟ್ಟಿಗೆ ಹಾಕಿದರು.

2003ರಲ್ಲಿ ನಿವೃತ್ತರಾಗಿ ಟಿಎನ್‌ಟಿ ವಾಹಿನಿಯ ವಿಶ್ಲೇಷಕರಾದರು. ನಡುವೆ ಮೂರು ವರ್ಷ ಫೀನಿಕ್ಸ್ ಸನ್ಸ್ ತಂಡದ ಆಡಳಿತ ನೋಡಿಕೊಂಡು, ಮತ್ತೆ ಮೈಕಿಗೆ ಮರಳಿ, 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಮುಖ್ಯ ಕೋಚ್ ಆದರು. ಅದಕ್ಕೆ ಮೊದಲು ಅವರು ಯಾವ ತಂಡಕ್ಕೂ ತರಬೇತಿ ಕೊಟ್ಟವರಲ್ಲ; ಆದರೂ ಮೊದಲ ಋತುವಿನಲ್ಲೇ ಪ್ರಶಸ್ತಿ ಬಂತು. ಆ ಫೈನಲ್‌ನಲ್ಲಿ 1-2ರಿಂದ ಹಿಂದಿದ್ದಾಗ, ಎತ್ತರದ ಬೋಗಟ್ ಬದಲು ಇಗ್ವೊಡಾಲ ಅವರನ್ನು ಮೊದಲ ಐವರಲ್ಲಿ ಇಳಿಸೋಣವೆಂದು ಸೂಚಿಸಿದ್ದು ಹಳೆಯ ಪಂದ್ಯಗಳ ವಿಡಿಯೊ ನೋಡುತ್ತಿದ್ದ ನಿಕ್ ಯುರೆನ್ ಎಂಬ 28 ವರ್ಷದ ಸಹಾಯಕ. ಕೆರ್ ಆ ಮಾತನ್ನು ಕೇಳಿದರು, ಗೆದ್ದರು, ಯೋಚನೆ ಯಾರದೆಂದು ಎಲ್ಲರೆದುರು ಹೇಳಿದರು. ತಾನೂ ಬದಿಯಲ್ಲಿ ಕುಳಿತು ಆಟ ನೋಡಿದ್ದರಿಂದಲೇ ಬದಿಯಲ್ಲಿದ್ದವನ ಮಾತಿಗೆ ಅವರು ಕಿವಿಗೊಟ್ಟರೆಂದು ನನಗನ್ನಿಸುತ್ತದೆ.

ನನ್ನ ತಪ್ಪೊಂದನ್ನೂ ಹೇಳಬೇಕು. ಹಿಂದೆ ಇಲ್ಲಿನ ಮೈದಾನದಲ್ಲಿ ಹಾಕಿಗೆ ಮೈಕ್ ಹಿಡಿದಿದ್ದಾಗ, ಗೋಲು ಬಿಟ್ಟುಕೊಟ್ಟ ಹುಡುಗನೊಬ್ಬನನ್ನು ನಿದ್ದೆ ಹೋದವನೆಂದುಬಿಟ್ಟೆ. ಅವನದೇ ತಂಡದ ಇಬ್ಬರು ಅವನ ಕಣ್ಣಿಗೆ ಅಡ್ಡ ನಿಂತಿದ್ದರೆಂದು ಆಮೇಲೆ ತಿಳಿಯಿತು. ಸಂಜೆ ಗೇಟಿನ ಬಳಿ ಪ್ಯಾಡುಗಳನ್ನು ಹೆಗಲಿಗೆ ಹಾಕಿಕೊಂಡು, ನನ್ನತ್ತ ನೋಡದೆ ಹೋದ ಅವನ ಮುಖ ಇನ್ನೂ ಮರೆತಿಲ್ಲ. ಆದ್ದರಿಂದ ಯಾರು ತಪ್ಪಿದರೆಂದು ಹೇಳುವ ಮುನ್ನ, ಆ ಜಾಗ ಏಕೆ ತೆರವಾಯಿತು, ಸಹಾಯಕ್ಕೆ ಬರಬೇಕಾಗಿದ್ದವನು ಎಲ್ಲಿದ್ದ ಎಂದು ನೋಡು. ನಾಳೆ ನಿನ್ನ ಹುಡುಗರಿಗೆ ಕಲಿಸಬೇಕಾದದ್ದೂ ಅದನ್ನೇ. ಪ್ರತಿ ಟೈಮ್‌ಔಟ್‌ನಲ್ಲೂ, ನೀನೇ ಕೋಚ್ ಆಗಿದ್ದರೆ ಯಾರನ್ನು ಇಳಿಸುತ್ತಿದ್ದೆ ಎಂದು ಪುಸ್ತಕದಲ್ಲಿ ಬರೆದಿಡು.

ಪುತ್ತರಿ ಹಬ್ಬಕ್ಕೆ ಬರುವಾಗ ಆ ಪುಸ್ತಕವನ್ನೂ ನಿನ್ನ ಮೊದಲ ಪಂದ್ಯದ ಧ್ವನಿಮುದ್ರಣವನ್ನೂ ತೆಗೆದುಕೊಂಡು ಬಾ. ಜಗಲಿಯಲ್ಲಿ ಕುಳಿತು ಪೂರ್ತಿ ಕೇಳೋಣ.

ಇಂತಿ,
ನಿನ್ನ ದೊಡ್ಡಪ್ಪ