ನನ್ನ ಸಹಿಗೆ ಬೆಲೆ ತಂದುಕೊಟ್ಟವರಿಗೆ

ಹೋದ ವಾರ ನನ್ನ ಕೈಗೆ ಅಧಿಕಾರಪತ್ರ ಬಂತು. ದುರಸ್ತಿಯಾದ ಎಂಜಿನ್ ಮತ್ತೆ ವಿಮಾನಕ್ಕೇರಲು ಯೋಗ್ಯ ಎಂದು ಸಹಿ ಹಾಕುವ ಹಕ್ಕು ಇನ್ನು ನನಗೂ ಇದೆ. ಎಂಜಿನ್ ಶಾಪ್‌ಗೆ ಕಾಲಿಟ್ಟು 11 ವರ್ಷವಾಯಿತು. ಈ ಹೊತ್ತಿನಲ್ಲಿ ಕೆಲವರನ್ನು ನೆನೆಯದೆ ಇರಲಾರೆ.

ಮೊದಲು, ಲಾಕ್‌ವೈರ್, ಅಂದರೆ ಬೋಲ್ಟ್ ಸಡಿಲವಾಗದಂತೆ ಹೊಸೆದು ಕಟ್ಟುವ ತಂತಿ, ಹಾಕಲು ಕಲಿಸಿದ ಅಣ್ಣ. ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಎಳೆದು ಹಿಡಿಯಬೇಕು. ನಾನು ಹೊಸೆದದ್ದನ್ನೆಲ್ಲ ಕತ್ತರಿಸಿ ಹಾಕಿ, "ಇನ್ನೊಂದ್ಸಲ ಹಾಕಪ್ಪ" ಅನ್ನುತ್ತಿದ್ದರು, ದನಿ ಏರಿಸದೆ. ಟರ್ಬೈನ್ ಭಾಗಕ್ಕೆ ಸಾದಾ ಪೆನ್ಸಿಲ್‌ನಲ್ಲಿ ಗುರುತು ಹಾಕಲು ಹೋದಾಗ ನನ್ನ ಕೈ ಹಿಡಿದು ನಿಲ್ಲಿಸಿದವರೂ ಅವರೇ. ಆ ಗೀರಿನ ಇಂಗಾಲ ಕಾವಿಗೆ ಲೋಹದೊಳಗೆ ಇಳಿದು ಬಿರುಕಿಗೆ ದಾರಿ ಮಾಡಬಲ್ಲದು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಬಿರುಕು ಪರೀಕ್ಷೆಯ ಕತ್ತಲೆ ಕೋಣೆಯ ಮೇಡಂಗೆ ಕೈಮುಗಿಯುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಅವರು ಯಾರಿಗೂ ಬಿಡಿಭಾಗ ಮುಟ್ಟಲು ಬಿಡುತ್ತಿರಲಿಲ್ಲ. ಬಿಡಿಭಾಗಕ್ಕೆ ಹಚ್ಚಿದ ವಿಶೇಷ ದ್ರವ ಬಿರುಕಿನೊಳಗೆ ಇಳಿದಿರುತ್ತದೆ, ಹಾಗಾಗಿ ನೇರಳಾತೀತ ಬೆಳಕಿನಡಿ ಬಿರುಕು ಹಳದಿ-ಹಸಿರು ಎಳೆಯಾಗಿ ಹೊಳೆಯುತ್ತದೆ. ಒಮ್ಮೆ ಎಂಜಿನ್ ಬ್ಲೇಡ್‌ಗಳನ್ನು ಹಿಡಿದಿಡುವ ಡಿಸ್ಕ್ ಒಂದನ್ನು ತಿರುಗಿಸುತ್ತಲೇ ಅಮೆರಿಕದ ಸಿಯೂ ಸಿಟಿಯಲ್ಲಿ 1989ರಲ್ಲಿ ನಡೆದ ವಿಮಾನ ದುರಂತದ ಬಗ್ಗೆ ಹೇಳಿದರು. ಡಿಸಿ-10 ವಿಮಾನದ ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್ ಹಾರುತ್ತಿರುವಾಗಲೇ ಒಡೆದು, ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಕೈಕೊಟ್ಟವು. 112 ಜನ ತೀರಿಕೊಂಡರು. ಆ ಬಿರುಕು ಹಿಂದಿನ ತಪಾಸಣೆಯಲ್ಲಿ, ಇದೇ ಬಗೆಯ ಬೆಳಕಿನಡಿ, ಕಣ್ತಪ್ಪಿ ಹೋಗಿತ್ತು. ಅವರು ಅದನ್ನು ಮತ್ತೆಂದೂ ಹೇಳಲಿಲ್ಲ. ನನಗೆ ಒಮ್ಮೆ ಕೇಳಿದ್ದೇ ಸಾಕಾಯಿತು.

ಎಲ್ಲಕ್ಕಿಂತ ದೊಡ್ಡ ಋಣ ನಮ್ಮ ಹಳೆಯ ಶಿಫ್ಟ್ ಇನ್‌ಚಾರ್ಜ್ ಸರ್‌ಗೆ. ನಾನಾಗ ಎರಡನೇ ವರ್ಷದ ಹುಡುಗ. ರಾತ್ರಿ ಪಾಳಿ, ಬೆಳಗಿನ ಜಾವ. ಟೂಲ್ ಬೋರ್ಡಿನಲ್ಲಿ ಪ್ರತಿ ಉಪಕರಣಕ್ಕೂ ಅದರದೇ ಆಕಾರದ ಜಾಗವಿರುತ್ತದೆ. ಅಲ್ಲಿ ಬೋಲ್ಟ್ ತಿರುಗಿಸುವ ಒಂದು ಸಾಕೆಟ್‌ನ ಜಾಗ ಖಾಲಿ! ಅದು ಎಂಜಿನ್ ಒಳಗೇ ಉಳಿದಿದ್ದರೆ? ಬೆಳಿಗ್ಗೆ ಆ ಎಂಜಿನ್, ಅದನ್ನು ಓಡಿಸಿ ನೋಡುವ ಟೆಸ್ಟ್ ಸೆಲ್‌ಗೆ ಹೋಗಬೇಕಿತ್ತು. ಕೈಕಾಲು ತಣ್ಣಗಾದವು. ಕೆಲಸ ಹೋಗುತ್ತದೆ ಅಂದುಕೊಂಡೇ ಅವರ ಮುಂದೆ ಹೋಗಿ ನಿಂತೆ. ಅವರು ಕೇಳಿದ್ದು ಇಷ್ಟೇ: "ಕೊನೆಗೆ ಯಾವಾಗ ಲೆಕ್ಕ ಸರಿ ಇತ್ತು?"

ಕೆಲಸ ನಿಂತಿತು. ಆರು ಜನ ತಂತಮ್ಮ ಕೆಲಸ ಬಿಟ್ಟು ಬಂದರು. ಇಕ್ಕಟ್ಟಿನೊಳಗೆ ಇಣುಕಿ ನೋಡುವ ಬೋರ್‌ಸ್ಕೋಪ್ ಇಳಿಸಿ ಒಳಗೆಲ್ಲ ನೋಡಿದರು, ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದರು. ಮೂರು ಗಂಟೆಯ ಮೇಲೆ ಗೇರ್‌ಬಾಕ್ಸ್ ಪಕ್ಕದ ಬ್ರಾಕೆಟ್ ಸಂದಿಯಲ್ಲಿ ಸಿಕ್ಕಿತು. ಒಬ್ಬರೂ ಚುಚ್ಚಿ ಮಾತಾಡಲಿಲ್ಲ. ಬೆಳಗಿನ ಪಾಳಿಯವರೆಲ್ಲ ಸೇರಿದಾಗ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ಹುಡುಗ ಬಂದು ಹೇಳಿದ, ಅದಕ್ಕೇ ಸಿಕ್ಕಿತು" ಅಂದರು. ಆ ಆರೂ ಜನಕ್ಕೆ ಅಂದು ಬಾಯಿಬಿಟ್ಟು ಥ್ಯಾಂಕ್ಸ್ ಹೇಳಲು ಆಗಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಹಗಲು ಮಲಗುವ ನನಗಾಗಿ ವರ್ಷಗಟ್ಟಲೆ ಮೆಲ್ಲನೆ ನಡೆದಾಡಿದ ಮನೆಯವರಿಗೂ ನಾನು ಋಣಿ.

ನಿನ್ನೆ ಮೊದಲ ಸಹಿ ಹಾಕಿದೆ. ಕಾಗದಗಳನ್ನು ಮೂರು ಸಲ ಓದಿದ ಮೇಲೆ. ಸಂಜೆ ಸರ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ಆದರೂ ಮೊದಲು ಕೇಳಿದ್ದು, "ಟೂಲ್ ಲೆಕ್ಕ ಆಯ್ತೇನಪ್ಪಾ?"

"ಆಯ್ತು ಸರ್, ಎಲ್ಲಾ ಇದೆ" ಅಂದೆ.