ಗಣಿ ರಸ್ತೆಗೆ ಗಣಿ ಹಣವೇ ಬರಲಿ

ಮಾನ್ಯರೇ,

ರಸ್ತೆ ದುರಸ್ತಿಗೆ ಹಣವಿಲ್ಲ ಎಂದಾಗಲೆಲ್ಲ ಟೋಲ್ ಇಲ್ಲವೇ ಹೊಸ ಸೆಸ್ ಹಾಕುವ ಸಲಹೆ ಕೇಳಿಬರುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ತಾಲ್ಲೂಕುಗಳ ಮಟ್ಟಿಗೆ ಇದು ನ್ಯಾಯವಲ್ಲ. ಇಲ್ಲಿ ರಸ್ತೆಗೆ ಹೆಚ್ಚು ಪೆಟ್ಟು ಕೊಡುವುದು ಸುಣ್ಣದ ಕಲ್ಲು, ಸಿಮೆಂಟ್ ಸಾಗಿಸುವ ಟಿಪ್ಪರ್ ಮತ್ತು ಬಲ್ಕರ್‌ಗಳು. ತೊಗರಿ ಚೀಲ ಹೇರಿಕೊಂಡು ಮಾರುಕಟ್ಟೆಗೆ ಹೊರಟ ರೈತನಿಂದ ಅದರ ವೆಚ್ಚ ವಸೂಲು ಮಾಡುವುದು ಸರಿಯೇ? ಆಕ್ಸೆಲ್ ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳು ದಶಕಗಳಿಂದ ಬಳಸುತ್ತಿರುವ ಲೆಕ್ಕ. ಅದರಲ್ಲೂ ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಈ ಮಣ್ಣು ಡಾಂಬರಿನ ಅಂಚಿನುದ್ದಕ್ಕೂ ಬಿರಿಯುತ್ತದೆ. ಬಿರುಕಿನೊಳಗೆ ನೀರಿಳಿದ ಮೇಲೆ ಭಾರದ ಗಾಲಿ ಹಾದರೆ ಅಂಚೇ ಕುಸಿಯುತ್ತದೆ, ಎದುರಿಗೆ ಬಂದ ಬಲ್ಕರ್‌ಗೆ ದಾರಿ ಬಿಡಲು ಬದಿಗಿಳಿದ ಬೈಕ್ ಸವಾರ ಆ ಕೊರಕಲಿಗೆ ಬೀಳುತ್ತಾನೆ.

2015ರಲ್ಲಿ ತಿದ್ದುಪಡಿಯಾದ ಗಣಿ ಕಾಯ್ದೆಯಂತೆ ಹಳೆಯ ಗಣಿ ಗುತ್ತಿಗೆದಾರರು ಖನಿಜಕ್ಕಾಗಿ ಸರ್ಕಾರಕ್ಕೆ ಕೊಡುವ ರಾಜಧನದ (ರಾಯಲ್ಟಿ) ಶೇ 30ಕ್ಕೆ ಸಮನಾದ ಮೊತ್ತವನ್ನು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ 10ಕ್ಕೆ ಸಮನಾದ ಮೊತ್ತವನ್ನು, ಗಣಿಯಿಂದ ತೊಂದರೆಗೊಳಗಾದ ಜನ ಮತ್ತು ಪ್ರದೇಶದ ಹಿತಕ್ಕೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುತ್ತಾರೆ. ಅದರ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂತಹ ಆದ್ಯತೆಗಳಿಗೆ ಮೀಸಲು. ಅದಕ್ಕೆ ಯಾರೂ ಕೈ ಹಾಕಬಾರದು. ರಸ್ತೆ, ಸೇತುವೆಗಳೂ ಸೇರಿದ ಉಳಿದ ಕೆಲಸಗಳಿಗೆ ಪ್ರತಿಷ್ಠಾನದ ಹಣದಲ್ಲಿ ಶೇ 30ರವರೆಗೆ ಬಳಸಲು ಅವಕಾಶವಿದೆ. ಈ ಪಾಲಿನಲ್ಲಿ ನಿಗದಿತ ಭಾಗವನ್ನು, ಗಣಿಯಿಂದ ಕಾರ್ಖಾನೆಗೆ ಮತ್ತು ಕಾರ್ಖಾನೆಯಿಂದ ಹೆದ್ದಾರಿಗೆ ಕೂಡುವ ರಸ್ತೆಗಳ ವಾರ್ಷಿಕ ನಿರ್ವಹಣೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಹೊಸ ರಸ್ತೆಯ ಭೂಮಿಪೂಜೆಗೆ ಹೇಗೋ ಹಣ ಹೊಂದುತ್ತದೆ, ಅಂಚಿಗೆ ಮೊರಂ ತುಂಬಿಸಲು ಮತ್ತು ಚರಂಡಿಯ ಹೂಳೆತ್ತಿಸಲು ಹೊಂದುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ. ಜಿಲ್ಲೆಯಲ್ಲಿ ಹೀಗೆ ವಸೂಲಾದಷ್ಟು ಮೊತ್ತವನ್ನು ಸರ್ಕಾರ ಇದೇ ಖಾತೆಗೆ ಮರಳಿಸಲಿ. ವಾಹನ ಲೋಡಾಗುವಲ್ಲಿಯೇ ತೂಕದ ಚೀಟಿ ಸಿಗುವಾಗ ದಾರಿಯಲ್ಲಿ ಲಾರಿ ತಡೆದು ತಪಾಸಣೆ ಮಾಡುವುದಕ್ಕಿಂತ ಆ ಚೀಟಿಗಳನ್ನೇ ಸಾರಿಗೆ ಅಧಿಕಾರಿಗಳು ತರಿಸಿಕೊಂಡು ನೋಡುವುದು ಸುಲಭ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆಯಲ್ಲ ಎನ್ನುವವರಿದ್ದಾರೆ. ಈ ಭಾಗ ಹಿಂದುಳಿದದ್ದನ್ನು ಸರಿಪಡಿಸಲೆಂದು ಹೋರಾಡಿ ಪಡೆದ ಸಂವಿಧಾನದ 371(ಜೆ) ವಿಧಿಯ ಅನುಸಾರ ಬರುವ ಆ ಹಣವನ್ನು ಗಣಿ ಲಾರಿಗಳು ತೋಡಿದ ಗುಂಡಿ ಮುಚ್ಚಲು ಸುರಿಯುವುದು ಸಲ್ಲದು.

ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಉಸ್ತುವಾರಿ ಸಚಿವರು ಪ್ರತಿಷ್ಠಾನದ ಮುಂದಿನ ಸಭೆಯಲ್ಲಿಯೇ ಈ ವಿಷಯ ತೆಗೆದುಕೊಳ್ಳಬೇಕು, ಯಾವ ರಸ್ತೆಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ಪ್ರತಿ ವರ್ಷ ಆಯಾ ಊರಿನ ಗ್ರಾಮಸಭೆಯಲ್ಲಿ ಓದಿಸಬೇಕು ಎಂದು ಕೋರುತ್ತೇನೆ.

– ಒಬ್ಬ ರೈತ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ